ಮಾವನ ಫೋಮ್ ದೋಣಿ

ಸಮುದ್ರಕ್ಕೆ ಕಾಲಿಡುವ ಮೊದಲೇ ಸಮುದ್ರವನ್ನು ಗೆದ್ದವರು ಯಾರಾದರೂ ಇದ್ದರೆ ಅದು ನನ್ನ ಸೋದರಮಾವ! ಒಂದು ಸಹಿ ಹಾಕಲು ಮೂರು ಸಲ ಕನ್ನಡಕ ಒರೆಸುತ್ತಿದ್ದ ಈ ಮಹಾಶಯರು ಬ್ಯಾಂಕಿನಿಂದ ನಿವೃತ್ತರಾದ ವಾರದಲ್ಲೇ ಮೈಲಾಪೂರಿನ ಮನೆಯಲ್ಲಿ ಘೋಷಿಸಿದರು: "ದೋಣಿ ಕಟ್ತೇನೆ."

"ಎಲ್ಲಿ?" ಎಂದರು ಅತ್ತೆ.

"ತಾರಸಿಯಲ್ಲಿ."

"ನೀರು?"

"ಅದು ಆಮೇಲೆ."

ನಡುವೆ ಹಗುರವಾದ ಫೋಮ್, ಎರಡೂ ಕಡೆ ಗಾಜಿನ ನಾರಿನ ಬಟ್ಟೆ, ಅದಕ್ಕೆ ರೆಸಿನ್ ಎಂಬ ಅಂಟು; ಒಣಗಿದರೆ ಕಲ್ಲು. ಇಷ್ಟನ್ನು ಮೊಬೈಲಿನ ವಿಡಿಯೋ ನೋಡಿ ಕಲಿತಿದ್ದರು. ಯಾವ ಫೋಮ್ ಎಂದು ವಿಡಿಯೋದ ಪುಣ್ಯಾತ್ಮ ಹೇಳುವ ಭಾಗವನ್ನು ಮಾತ್ರ ಬೋರ್ ಎಂದು ಓಡಿಸಿಬಿಟ್ಟಿದ್ದರು! ಅಂಗಡಿಯಿಂದ ಥರ್ಮೋಕೋಲ್ ತಂದು, ಚಂದವಾಗಿ ಕತ್ತರಿಸಿ, ಮೇಲೆ ರೆಸಿನ್ ಸುರಿದರು. ದೋಣಿ ಕರಗಿಹೋಯಿತು! ತಾರಸಿಯಲ್ಲಿ ಉಳಿದದ್ದು ಒಂದು ಜಿಗುಟು ಕೆರೆ ಮತ್ತು ಅದರಲ್ಲಿ ಸಿಕ್ಕಿಕೊಂಡ ಮಾವನ ಬಲಗಾಲಿನ ಚಪ್ಪಲಿ.

"ಇದು ಪ್ರಯೋಗ ಮಾರಾಯ್ತಿ," ಎಂದರು ನನಗೆ, ಒಂದೇ ಚಪ್ಪಲಿಯಲ್ಲಿ ನಿಂತು.

ಎರಡನೆಯ ಸಲ ಮಣಲಿಯ ಗೋದಾಮಿಗೇ ಹೋಗಿ, ರೆಸಿನ್‌ಗೆ ಕರಗದ ಗಟ್ಟಿ ಫೋಮ್ ಹಲಗೆ ತಂದರು. ಅದು ಬಟ್ಟೆಗೆ ಅಂಟುವವರೆಗೆ ಮೇಲೆ ಭಾರ ಇಡಬೇಕಂತೆ. ಅತ್ತೆಯ ದೋಸೆ ಕಲ್ಲು ಹೋಯಿತು, ಇಡ್ಲಿ ಪಾತ್ರೆ ಹೋಯಿತು, ಕೊನೆಗೆ ಭಾರ ಸಾಲದೆ ಸ್ವತಃ ಮಾವನೇ ಮಲಗಿದರು. ನಿದ್ದೆ ಬಂತು. ಎದ್ದರೆ ಪಂಚೆ ಏಳಲಿಲ್ಲ!

ಅತ್ತೆ ಕತ್ತರಿ ಹಿಡಿದು ಬಂದರು. "ಪಂಚೆ ಕತ್ತರಿಸುವುದಾ, ದೋಣಿ ಕತ್ತರಿಸುವುದಾ?"

"ಪಂಚೆ! ಪಂಚೆ!"

ಮಾನಕ್ಕಿಂತ ದೋಣಿ ದೊಡ್ಡದು ಎಂದು ಅಂದೇ ತೀರ್ಮಾನವಾಯಿತು. ಆಮೇಲೆ ದೋಣಿ ನುಣುಪಾಗಲೆಂದು ಮರಳುಕಾಗದದ ಉಜ್ಜಾಟ. ಆ ಧೂಳು ಪಕ್ಕದಲ್ಲಿ ಒಣಗಿಸಿದ್ದ ಕೆಳಮನೆಯಾಕೆಯ ಸಂಡಿಗೆಯ ಮೇಲೆಲ್ಲ ಕುಳಿತಿತು. "ಬೋಟ್ ಕಟ್ಟುರೀಂಗಳಾ, ಇಲ್ಲೆ ಎಂಗಳೆ ಕೊಲ್ಲುರೀಂಗಳಾ ಸಾರ್?" ಎಂದು ಆಕೆ ತಮಿಳಿನಲ್ಲಿ ಕೂಗಿದರು. ದೋಣಿ ಕಟ್ಟುತ್ತಿದ್ದೀರೋ, ನಮ್ಮನ್ನು ಕೊಲ್ಲುತ್ತಿದ್ದೀರೋ ಎಂಬ ಆ ಪ್ರಶ್ನೆಗೆ ಮಾವ ಗಂಭೀರವಾಗಿ, "ಎರಡು ವಾರ ಟೈಮ್ ಕೊಡಿ," ಎಂದರು!

ಅಂತೂ ಹಗ್ಗ ಕಟ್ಟಿ ಇಳಿಸಿ, ತಿರುವೊಟ್ಟಿಯೂರಿನ ಕಡಲದಂಡೆಗೆ ಸಾಗಿಸಿದೆವು. ಹಿರಿಯ ಮೀನುಗಾರರೊಬ್ಬರು ದೋಣಿಯನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, ಯಾರು ಕಟ್ಟಿದ್ದು ಎಂದು ವಿಚಾರಿಸಿದರು.

"ನಾನ್‌ದಾನ್," ಎಂದರು ಮಾವ ಎದೆಯುಬ್ಬಿಸಿ.

"ಅಪ್ಪೊ ನೀಂಗಳೇ ಪೋಂಗ." ಹಾಗಾದರೆ ನೀವೇ ಹೋಗಿ ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು!

ಅತ್ತೆ ಹತ್ತಲು ಒಪ್ಪಲಿಲ್ಲ. ನಾನು ಹತ್ತಿದೆ. ಪ್ರೀತಿಯಿಂದಲ್ಲ; ಮಾವನ ಫಜೀತಿಯನ್ನು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸುವ ಆಸೆಯಿಂದ. ಮೊದಲ ಅಲೆ ಮೊಬೈಲ್ ಒಯ್ದಿತು. ಎರಡನೆಯದು ದೋಣಿಯನ್ನು ತುಂಬಿತು. ಆದರೆ ಅದು ಮುಳುಗಲಿಲ್ಲ! ಎದೆಮಟ್ಟ ನೀರಿನಲ್ಲಿ ಕುಳಿತೇ ತೇಲತೊಡಗಿದೆವು. "ನೋಡಿದ್ಯಾ! ಫೋಮ್! ಫೋಮ್!" ಎಂದು ಮಾವ ಕಿರುಚುತ್ತಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಮೀನುಗಾರರು ನಮ್ಮನ್ನು ದಡಕ್ಕೆ ಎಳೆದು ತಂದರು. ಆಗಲೇ ಗಮನಿಸಿದ್ದು, ಮಾವನ ಮುಷ್ಟಿ ನನ್ನ ಕುರ್ತಾದ ಕುತ್ತಿಗೆಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ದಡ ಸೇರಿದರೂ ಬಿಡಲಿಲ್ಲ.

"ಬಿಡಿ ಮಾವ. ನಿಮಗೆ ಈಜು ಬರ್ತದಲ್ಲ?"

"ಇಲ್ಲ."

"ಅಯ್ಯೋ! ಅದಕ್ಕೆ ನನ್ನನ್ನು ಹಿಡ್ಕೊಂಡದ್ದಾ?"

ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು. "ಛೆ, ನಾನು ಹಿಡ್ಕೊಂಡದ್ದು ನೀನು ಕೊಚ್ಚಿಹೋಗ್ಬಾರ್ದು ಅಂತ."

"ನಂಗೆ ಈಜು ಬರ್ತದೆ ಮಾವ."

"ಗೊತ್ತುಂಟು," ಎಂದರು ಮೆಲ್ಲಗೆ. "ಆಗ ನೆನಪಾಗ್ಲಿಲ್ಲ."

ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಕೈಯನ್ನು ನಾನೇ ಹಿಡಿದುಕೊಂಡು ರಸ್ತೆಯವರೆಗೂ ನಡೆದೆ.