ಅತ್ತಿಗೆಯ ಗಿಡ, ಪುಟ್ಟಕ್ಕನ ಸೂಜಿ

ಕಸ ಗುಡಿಸಿ ಮುಗಿಸಿದ ಪುಟ್ಟಕ್ಕ ಕಿಟಕಿಯ ಬಳಿ ಕೂತು, ಅತ್ತಿಗೆಯ ಗಿಡದ ಎಲೆಗಳನ್ನು ಮೆತ್ತನೆಯ ಬಟ್ಟೆಚೂರಿನಿಂದ ಒಂದೊಂದಾಗಿ ಒರೆಸುತ್ತಿದ್ದಳು. ಮಗುವಿನ ಕಿವಿ ಒರೆಸುವಷ್ಟು ಜೋಪಾನ. ಅಷ್ಟರಲ್ಲಿ ಒಂದು ಎಲೆ ಬಟ್ಟೆಯ ಜೊತೆಗೇ ಬಂದುಬಿಟ್ಟಿತು.

ಪುಟ್ಟಕ್ಕ ಅದನ್ನು ಮತ್ತೆ ಕಾಂಡಕ್ಕೆ ಒತ್ತಿ ನೋಡಿದಳು. ನಿಲ್ಲಲಿಲ್ಲ.

ಅದು ಊದಿದ ಎಲೆಗಳ, ಅಂಗೈಯಗಲದ ಗಿಡ. ಅತ್ತಿಗೆ ತವರಿಗೆ ಹೊರಡುವಾಗ ಅದನ್ನು ಇವಳ ಕೈಗಿಟ್ಟು, "ಇದು ಸಕ್ಯುಲೆಂಟು. ಎಲೆಯೊಳಗೇ ನೀರು ಇಟ್ಕೊಂಡಿರುತ್ತೆ. ನಾನು ಬರೋವರೆಗೂ ಒಂದು ಹನಿ ಹಾಕ್ಬೇಡ. ಹಾಕ್ಬೇಕು ಅನಿಸಿದ್ರೆ ಕೈ ಕಟ್ಕೊಂಡು ಕೂತ್ಕೊ," ಎಂದಿದ್ದಳು. ಮೆಟ್ಟಿಲಿಳಿಯುತ್ತ ಇನ್ನೊಂದು ಮಾತು ಸೇರಿಸಿದ್ದಳು: "ಗಿಡ ಹೀಗೇ ಇದ್ರೆ, ಬಂದ ದಿನವೇ ನಿನ್ನ ಮೆಷಿನ್ ಮೇಲೆ ಕೂರಿಸ್ತೀನಿ."

ಮೆಷಿನ್! ಮನೆಯ ಮುಂಕೋಣೆಯೇ ಅತ್ತಿಗೆಯ ಹೊಲಿಗೆ ಅಂಗಡಿ. ಶಾಲೆ ಬಿಟ್ಟಾಗಿನಿಂದ ಪುಟ್ಟಕ್ಕನದು ಅಲ್ಲಿ ಚಾಪೆಯ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುವುದೊಂದೇ ಕೆಲಸ. ಅತ್ತಿಗೆ ಮೆಷಿನ್ ತುಳಿಯುವಾಗ ಇವಳ ಪಾದವೂ ಚಾಪೆಯನ್ನು ತಾನಾಗಿ ತುಳಿಯುತ್ತಿತ್ತು.

ಇವತ್ತು ಮಧ್ಯಾಹ್ನದ ಬಸ್ಸಿಗೆ ಅತ್ತಿಗೆ ಬರುತ್ತಾಳೆ. ಪುಟ್ಟಕ್ಕ ಕುಂಡದ ಮಣ್ಣು ಮುಟ್ಟಿ ನೋಡಿದಳು. ಕೆಸರು.

"ಇದಕ್ಕೆ ಯಾರು ನೀರು ಹಾಕಿದ್ದು?"

ಪಕ್ಕದ ಇಸ್ತ್ರಿ ಅಣ್ಣ ಒಳಗೆ ಬಂದು ತಲೆ ಕೆರೆದುಕೊಂಡ. "ಪಾಪ, ಬಾಯಾರಿದ ಹಾಗಿತ್ತು. ಬಟ್ಟೆಗೆ ಚಿಮುಕಿಸೋವಾಗ ಅದಕ್ಕೂ ಒಂದಿಷ್ಟು..."

"ನೀನೂ ಹಾಕ್ದೆಯಾ?" ಎಂದು ಎದುರಿನ ಗಡಿಯಾರ ರಿಪೇರಿ ಮಾಮ ಧಾವಿಸಿದ. "ನಾನು ದಿನಾ ಒಂದು ಲೋಟ ಹಾಕ್ತಿದ್ನಲ್ಲೋ!"

ಪುಟ್ಟಕ್ಕ ತಲೆ ತಗ್ಗಿಸಿದಳು. ತಡೆಯಲಾರದೆ ಅವಳೂ ನಿನ್ನೆ ಒಂದು ಚಮಚ ಹಾಕಿದ್ದಳು. ಎಲ್ಲರ ಕರುಣೆ ಸೇರಿ ಗಿಡವನ್ನು ಮುಳುಗಿಸಿತ್ತು.

"ಒಣಗಿಸಿದ್ರೆ ಆಯ್ತಪ್ಪ," ಎಂದು ಇಸ್ತ್ರಿ ಅಣ್ಣ ಕುಂಡವನ್ನು ಒಯ್ದು ಕಾದ ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟ. ಇನ್ನೆರಡು ಎಲೆಗಳು ಕಳಚಿಕೊಂಡವು.

"ಸರಿಹೋಯ್ತು! ಇನ್ನು ಮಡಚಿ ಕಾಗದದಲ್ಲಿ ಕಟ್ಟಿಕೊಡು," ಎಂದು ಬೈದು ಮಾಮ ಅಂಟಿನ ಟ್ಯೂಬು ತಂದ. "ಗಡಿಯಾರದ ಮುಳ್ಳನ್ನೇ ಕೂರಿಸ್ತೀನಿ, ಎಲೆ ಯಾವ ಲೆಕ್ಕ?"

ಎಲೆ ಗಿಡಕ್ಕೆ ಅಂಟಲಿಲ್ಲ, ಮಾಮನ ಹೆಬ್ಬೆರಳಿಗೆ ಅಂಟಿತು. ಅವನು ಕೈ ಕೊಡವಿದ ರಭಸಕ್ಕೆ ಇನ್ನಷ್ಟು ಉದುರಿ, ಗಿಡ ಹಲ್ಲು ಬಿದ್ದ ತಾತನ ಬಾಯಂತಾಯಿತು.

"ಹೊಸದು ತಂದ್ಬಿಡೋಣ್ವಾ?" ಎಂದ ಇಸ್ತ್ರಿ ಅಣ್ಣ.

"ಬಸ್ಸು ಬರೋ ಹೊತ್ತಾಯ್ತು ಮಾರಾಯ!" ಎಂದ ಮಾಮ.

ಪುಟ್ಟಕ್ಕ ಕುಂಡವನ್ನು ಮತ್ತೆ ತನ್ನ ಚಾಪೆಗೆ ತಂದು ಸೂಜಿಗೆ ಹಸಿರು ದಾರ ಪೋಣಿಸಿದಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ಎಲೆಯ ಬುಡಕ್ಕೆ ಚುಚ್ಚಿ, ಕಾಂಡಕ್ಕೆ ಸುತ್ತಿ, ಗುಂಡಿ ಹೊಲಿದ ಹಾಗೇ ಎಳೆದು ಗಂಟು ಹಾಕಿದಳು. ಮಾಮನ ಹೆಬ್ಬೆರಳಿನ ಎಲೆಯನ್ನೂ ಬಿಡಿಸಿ ತಂದು ಹೊಲಿದಳು.

ದಾರ ಕಚ್ಚಿ ಕತ್ತರಿಸುವುದಕ್ಕೂ ಅತ್ತಿಗೆ ಚೀಲ ಇಳಿಸುವುದಕ್ಕೂ ಸರಿಯಾಯಿತು.

"ಅರೆ, ಬಿಟ್ಟು ಹೋದ ಹಾಗೇ ಇದೆಯಲ್ಲೇ! ಹೋಗು, ಕೂತ್ಕೊ ಮೆಷಿನ್‌ಗೆ."

ಪುಟ್ಟಕ್ಕ ಕೂತಳು. ಪಾದ ಇನ್ನೇನು ತುಳಿಯಬೇಕು, ಅತ್ತಿಗೆ ಮುದ್ದಿನಿಂದ ಒಂದು ಎಲೆ ಹಿಡಿದೆಳೆದಳು. ಎಲೆಯ ಜೊತೆ ಗಿಡ ಎದ್ದಿತು. ಗಿಡದ ಜೊತೆ ಕುಂಡವೂ ಎದ್ದು ಗಾಳಿಯಲ್ಲಿ ತೂಗಾಡಿತು.

ಅತ್ತಿಗೆ ಕನ್ನಡಕ ಹಾಕಿಕೊಂಡು ಎಲೆಯ ಬುಡದ ಹಸಿರು ದಾರ ನೋಡಿದಳು. ಇಸ್ತ್ರಿ ಅಣ್ಣ ತೂಗುಹಾಕಿದ್ದ ಅಂಗಿಗಳ ಮರೆಗೆ ಸರಿದ. ಮಾಮ ಗೋಡೆಯ ಗಡಿಯಾರವನ್ನು ಈಗಷ್ಟೇ ಕಂಡವನಂತೆ ನೋಡುತ್ತ ನಿಂತ.

"ಯಾರ ಕೈಯಿದು?"

"ನಂದೇ ಅತ್ತಿಗೆ. ತಪ್ಪಾಯ್ತು."

ಅತ್ತಿಗೆ ಬೈಯಲಿಲ್ಲ. ಇನ್ನೊಂದು ಎಲೆ ಜಗ್ಗಿದಳು. ಅದೂ ಬಿಡಲಿಲ್ಲ. ಅವಳ ಮುಖ ಅರಳಿತು.

"ಹುಚ್ಚಿ, ಗಿಡ ಇನ್ನೊಂದು ಬರುತ್ತೆ. ಮೆಷಿನ್ ತುಳಿಯೋರೂ ಬೀದಿ ತುಂಬ ಸಿಗ್ತಾರೆ. ಕುಂಡ ತೂಗಿದ್ರೂ ಬಿಚ್ಚದ ಹಾಗೆ ಗುಂಡಿ ಹೊಲಿಯೋ ಕೈ ಎಲ್ಲಿ ಸಿಗುತ್ತೆ? ಈ ಕೈನ ಮೆಷಿನ್ ಮೇಲೆ ಹಾಳು ಮಾಡ್ತೀನಾ? ಏಳು, ಏಳು!"

"ನಾನು ಆಗ್ಲೇ ಹೇಳ್ದೆ," ಎಂದ ಮಾಮ, ಏನೂ ಹೇಳದಿದ್ದವನು.

ಅತ್ತಿಗೆ ಗುಂಡಿಯಿಲ್ಲದ ಅಂಗಿಗಳ ಮೂಟೆಯನ್ನು ಚಾಪೆಯ ಮೇಲೆ ಸುರಿದು ತಾನೇ ಮೆಷಿನ್ ಮುಂದೆ ಕೂತಳು. ಗಡಗಡ ಸದ್ದು ಕೋಣೆ ತುಂಬಿತು. ಪುಟ್ಟಕ್ಕ ಸೂಜಿ ಎತ್ತಿಕೊಂಡಳು. ಅವಳ ಪಾದ ಆಗಲೇ ಚಾಪೆಯನ್ನು ತುಳಿಯತೊಡಗಿತ್ತು.

"ಅತ್ತಿಗೆ," ಎಂದಳು, "ಒಂದೇ ಒಂದು ನೇರ ಹೊಲಿಗೆ ನಾನು ಹಾಕ್ಲಾ?"