ಮೂವತ್ತನೆಯ ಉಪವಾಸ

ಎಲ್ಲ ರಗಳೆಗೂ ಮೂಲ ಅಂಗೈಯಗಲದ ಒಂದು ಮೋಡ.

ಹಿಂದಿನ ಸಂಜೆ ರೊಟ್ಟಿ ಅಂಗಡಿಯ ಮಾಳಿಗೆಯ ಮೇಲೆ ಏಳು ಜನ ನಿಂತು ಕತ್ತು ನೋಯುವವರೆಗೂ ಪಡುವಣಕ್ಕೆ ನೋಡಿದ್ದರು. ಚಂದ್ರ ಕಂಡರೆ ಮರುದಿನ ಈದ್. ಕಾಣದಿದ್ದರೆ ಇನ್ನೊಂದು ಉಪವಾಸ ಮಾಡಿ ಮೂವತ್ತು ತುಂಬಿಸಬೇಕು. ಆ ಊರಿನಲ್ಲಿ ಮುಸಲ್ಮಾನರ ಮನೆಗಳಿದ್ದುದೇ ಹದಿನಾಲ್ಕು. ಅವರ ನಮಾಜಿಗೆ ರೊಟ್ಟಿ ಅಂಗಡಿಯ ಮೇಲಿನ ಕೋಣೆ, ಅವರ ಹಿರಿತನಕ್ಕೆ ರೊಟ್ಟಿ ಅಂಗಡಿಯ ಯಜಮಾನರು. ಒಬ್ಬ "ಕಂಡಿತು, ಕಂಡಿತು!" ಎಂದು ಕುಣಿದ. ನೋಡಿದರೆ ಎದುರು ಮನೆಯ ಡಿಶ್ ಆಂಟೆನಾದ ಅಂಚು. "ಮೂವತ್ತು ಪೂರ್ತಿ ಮಾಡೋಣ" ಎಂದು ಯಜಮಾನರು ತೀರ್ಪು ಕೊಟ್ಟರು.

ಉಳಿದವರು ನಿಟ್ಟುಸಿರು ಬಿಟ್ಟರು. ಕೊಡೆ ಭಾಯಿಗೆ ಮಾತ್ರ ಒಳಗೊಳಗೇ ಸಂತೋಷ. ಬಸ್ ನಿಲ್ದಾಣದಲ್ಲಿ ಕಳೆದ ವಸ್ತುಗಳ ಕಚೇರಿ ಇತ್ತು. ಅಲ್ಲಿ ಜನ ಮರೆತುಹೋದ ಕೊಡೆಗಳನ್ನು ಹದಿನೆಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದುದರಿಂದ ಅವರಿಗೆ ಆ ಹೆಸರು. ಪ್ರತಿವರ್ಷ ಎದೆಯುರಿಯ ನೆಪದಲ್ಲಿ ಎರಡೋ ಮೂರೋ ಉಪವಾಸ ಬಿಡುತ್ತಿದ್ದರು. "ನಿಮ್ಮ ತಿಂಗಳಿಗೆ ಯಾವಾಗಲೂ ಇಪ್ಪತ್ತೇಳೇ ದಿನ" ಎಂದು ಹೆಂಡತಿ ಹಂಗಿಸುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಹಾಸಿಗೆ ಹಿಡಿದವಳು ಅವರ ಕೈ ಹಿಡಿದು, "ಈ ಸಲ ಒಂದೂ ಬಿಡದೆ ಮುಗಿಸ್ತೀರಾ?" ಎಂದು ಕೇಳಿದಳು. "ಮುಗಿಸ್ತೀನಿ" ಎಂದರು. ನೋಡಲು ಅವಳು ಉಳಿಯಲಿಲ್ಲ. ಇಪ್ಪತ್ತೊಂಬತ್ತು ಆಗಿತ್ತು. ಇನ್ನೊಂದೇ ಒಂದು.

ಬೆಳಗಿನ ಜಾವ ಅವರನ್ನು ಎಬ್ಬಿಸಿದ ಫೋನು ತನ್ನ ಕರ್ತವ್ಯ ಮುಗಿಯಿತೆಂಬಂತೆ ಪ್ರಾಣ ಬಿಟ್ಟಿತು. ಅದನ್ನು ಮನೆಯಲ್ಲೇ ಬಿಟ್ಟು ಭಾಯಿ ಕೆಲಸಕ್ಕೆ ಹೊರಟರು.

ಕಚೇರಿಯ ಬಾಗಿಲಲ್ಲಿ ಕಾವಲುಗಾರ ಮಾವ ಅವರನ್ನು ತಬ್ಬಿಕೊಂಡ. ಆ ಕಡೆ ಒಂದು ಸಲ, ಈ ಕಡೆ ಒಂದು ಸಲ, ಯಾಕೋ ಸಾಲದೆಂದು ಇನ್ನೊಂದು ಸಲ. "ಹಬ್ಬದ ಶುಭಾಶಯ ಭಾಯಿ!"

ಒಳಗೆ ಕೊಡೆಗಳಿಗೆಲ್ಲ ಬಣ್ಣದ ಕಾಗದದ ಸರ. ಮೇಜಿನ ಮೇಲೆ ಮುಚ್ಚಿಟ್ಟ ದೊಡ್ಡ ಪಾತ್ರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿಯ ಕೆಳಗೆ 'ಈದ್' ಎಂದು ಮುದ್ರಿಸಿದ್ದರು. ಚಂದ್ರನನ್ನು ಕೇಳದೆ ಕ್ಯಾಲೆಂಡರಿನವರು ತಾವೇ ತೀರ್ಮಾನಿಸಿದ್ದರು.

"ಅದು... ಇವತ್ತು..." ಎಂದು ಭಾಯಿ ಬಾಯಿ ತೆರೆದರು.

"ಏನೂ ಮಾತಾಡ್ಬೇಡಿ" ಎಂದಳು ರಿಜಿಸ್ಟರ್ ಅಕ್ಕ. ಕಳೆದ ವಸ್ತುಗಳಿಗೆಲ್ಲ ನಂಬರು ಹಾಕುವವಳು ಅವಳು. ಅವಳೆದುರು ವಸ್ತುಗಳೂ ಮನುಷ್ಯರೂ ಸುಮ್ಮನಿರಬೇಕು. "ಹದಿನೆಂಟು ವರ್ಷ ಅತ್ತಿಗೆ ನಮಗೆಲ್ಲ ಖರ್ಜೂರದ ಪಾಯಸ ಕಳಿಸಿದ್ರು. ಈ ವರ್ಷ ನಿಮಗೆ ಯಾರು ಮಾಡಿ ಹಾಕ್ತಾರೆ? ಖಾಲಿ ಮನೇಲಿ ಕೂರಲಾರದೆ ಹಬ್ಬದ ದಿನವೂ ಬಂದೇ ಬರ್ತೀರಿ ಅಂತ ಗೊತ್ತಿತ್ತು. ನಾಲ್ಕು ಗಂಟೆಗೆ ಎದ್ದಿದ್ದೀನಿ ಭಾಯಿ. ಅತ್ತಿಗೆ ಹೇಳಿಕೊಟ್ಟ ಹಾಗೇ ಮಾಡಿದ್ದೀನಿ."

ಇವತ್ತು ಹಬ್ಬವಲ್ಲ ಎಂಬ ಮಾತು ಭಾಯಿಯ ನಾಲಿಗೆಯ ತುದಿಯಲ್ಲೇ, ಬಾಗಿಲು ಸಿಗದ ನೆಂಟನ ಹಾಗೆ, ನಿಂತುಬಿಟ್ಟಿತು.

"ಊಟದ ಹೊತ್ತಿಗೆ ಎಲ್ಲರಿಗೂ. ಮೊದಲು ನೀವು ರುಚಿ ನೋಡಿ ಹೇಳಿ" ಎಂದು ಅಕ್ಕ ಒಂದು ಬಟ್ಟಲು ತುಂಬಿ ಕೈಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಬಟ್ಟಲಿನಿಂದ ಬಿಸಿ ಹಾಲಿನ ವಾಸನೆ ಎದ್ದು ಮೂಗಿಗೆ ಬಡಿಯಿತು. ದೇವರು ದೊಡ್ಡವನು, ಅಷ್ಟರಲ್ಲಿ ಕಚೇರಿಯ ಫೋನು ರಿಂಗಣಿಸಿತು. ಅಕ್ಕ ಆ ಕಡೆ ತಿರುಗಿದಳು. ಭಾಯಿ ಸುತ್ತ ನೋಡಿ, ತೊಳೆದಿಟ್ಟಿದ್ದ, ಕಳೆದುಹೋದ ಊಟದ ಡಬ್ಬಿಯೊಂದು ಕೈಗೆ ಸಿಕ್ಕಿದ್ದೇ ಅದಕ್ಕೆ ಪಾಯಸ ಸುರಿದು ಮುಚ್ಚಳ ಒತ್ತಿದರು. ಡಬ್ಬಿ ನಂಬರು ಇನ್ನೂರ ಹನ್ನೆರಡು.

"ಹೇಗಿತ್ತು?"

ಉಪವಾಸದಲ್ಲಿ ಸುಳ್ಳು ಹೇಳುವಂತಿಲ್ಲ. ಭಾಯಿ ಕಣ್ಣು ಮುಚ್ಚಿ ಹೇಳಿದರು: "ಅಕ್ಕಾ, ಇಂಥ ಪಾಯಸ ನನ್ನ ಬಾಯಿಗೆ ಇದುವರೆಗೆ ಬಂದಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾತೇನೋ ನಿಜ, ಆದರೆ ಭಾಯಿಯ ಮನಸ್ಸು ಕದ್ದ ಮಾಲು ಇಟ್ಟುಕೊಂಡವನ ಹಾಗೆ ಹೊಡೆದುಕೊಳ್ಳತೊಡಗಿತು.

ಹನ್ನೊಂದೂವರೆಗೆ ಒಬ್ಬ ಪ್ಲಂಬರ್ ಬಂದ. ಎರಡು ತಿಂಗಳ ಹಿಂದೆ ಬಸ್ಸಿನಲ್ಲಿ ಊಟದ ಡಬ್ಬಿ ಮರೆತಿದ್ದನಂತೆ. ಅಕ್ಕ ರಿಜಿಸ್ಟರ್ ತಿರುವಿ, "ಹಿಡಿಯ ಹತ್ತಿರ ತಗ್ಗಾಗಿರೋದು ತಾನೆ? ಇನ್ನೂರ ಹನ್ನೆರಡು" ಎಂದಳು.

"ಆ ಡಬ್ಬಿ ಬೇಡ! ಬೇರೆ ಕೊಡೋಣ, ದೊಡ್ಡದು!" ಎಂದು ಭಾಯಿ ಡಬ್ಬಿಯನ್ನು ತಾವೇ ಎತ್ತಿಕೊಂಡು ಅಡ್ಡ ಬಂದರು.

"ಯಾಕ್ರೀ, ನನ್ನ ಡಬ್ಬಿ ನನಗೆ ಬೇಡ್ವಾ?" ಎಂದು ಪ್ಲಂಬರ್ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಮುಚ್ಚಳ ತೆಗೆದ. ನೋಡಿದ. ಬೆರಳಿಟ್ಟು ನೋಡಿದ. "ಬೆಚ್ಚಗಿದೆ!" ಎಂದು ಚೀರಿದ. "ನನ್ನ ಹೆಂಡ್ತಿ ಹಾಕಿಕೊಟ್ಟಿದ್ದು ಅನ್ನ ಸಾರು. ಎರಡು ತಿಂಗಳು ನಿಮ್ಮ ಹತ್ರ ಇದ್ದು ಪಾಯಸ ಆಗಿದೆಯಲ್ರೀ!" ಬಂದ ಭಾಗ್ಯವನ್ನು ಬಿಡುವ ಗಿರಾಕಿಯಲ್ಲ ಅವನು, ಅಲ್ಲೇ ನಿಂತು ಕೊನೆಯ ಹನಿಯವರೆಗೆ ನೆಕ್ಕಿ, "ಮುಂದಿನ ವಾರ ಇನ್ನೊಂದು ಡಬ್ಬಿ ಕಳ್ಕೋತೀನಿ" ಎಂದು ಹೇಳಿ ಹೋದ.

ಮ್ಯಾನೇಜರು ತಮ್ಮ ಕೋಣೆಯಿಂದ ಹೊರಗೆ ಬಂದರು. ಅಕ್ಕನ ಮುಖ ಬಾಡಿತು. "ಅಷ್ಟು ಕೆಟ್ಟದಾಗಿತ್ತಾ ಭಾಯಿ?"

ಭಾಯಿಗೆ ಇನ್ನು ತಡೆಯಲಾಗಲಿಲ್ಲ. "ರುಚಿನೇ ನೋಡಿಲ್ಲ ಅಕ್ಕ. ನಿನ್ನೆ ಚಂದ್ರ ಕಾಣಲಿಲ್ಲ. ಹಬ್ಬ ನಾಳೆ. ಇವತ್ತು ನನಗೆ ಉಪವಾಸ. ಇಡೀ ತಿಂಗಳು ಮುಗಿಸ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ನಿಮ್ಮ ಪ್ರೀತಿ ನೋಡಿ ಹೇಳೋಕೆ ನಾಲಿಗೆ ಬರಲಿಲ್ಲ."

ಅಕ್ಕ ಪಾತ್ರೆಯ ಮುಚ್ಚಳ ಭದ್ರ ಮಾಡಿದಳು. "ಹಾಗಾದ್ರೆ ಸಂಜೆ ಉಪವಾಸ ಬಿಡೋವಾಗಲೇ ತಿನ್ನೋಣ. ಎಲ್ಲರೂ ಒಟ್ಟಿಗೆ. ಅಲ್ಲಿವರೆಗೆ ಇಲ್ಲಿ ಯಾರೂ ಏನೂ ಮುಟ್ಟೋ ಹಾಗಿಲ್ಲ."

"ಯಾರೂ ಅಂದ್ರೆ?" ಎಂದರು ಮ್ಯಾನೇಜರು, ಗಾಬರಿಯಿಂದ.

"ನೀವೂ ಸೇರಿ ಸಾರ್."

ಬೇಡವೆಂದು ಭಾಯಿ ಕೈಮುಗಿದು ಬೇಡಿಕೊಂಡರೂ ಕೇಳುವವರಿಲ್ಲ. ಅಕ್ಕ ಮೂವರ ಊಟದ ಡಬ್ಬಿಗಳಿಗೂ ನಂಬರಿನ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಎರಡು ಗಂಟೆಗೆ ಮ್ಯಾನೇಜರ ಹೊಟ್ಟೆ ಬಸ್ಸು ಗೇರು ಬದಲಿಸಿದಂತೆ ಸದ್ದು ಮಾಡಿತು. ಮೂರಕ್ಕೆ ಕಾವಲುಗಾರ ಮಾವ, "ಭಾಯಿ, ನೀರೂ ಕುಡಿಯೋ ಹಾಗಿಲ್ವಾ? ಬರೀ ನೋಡಬಹುದಾ?" ಎಂದು ಕೇಳಿದ. ನಾಲ್ಕಕ್ಕೆ ಮ್ಯಾನೇಜರು ಭಾಯಿಯ ಪಕ್ಕದಲ್ಲಿ ಬಂದು ಕೂತು, "ಮೂವತ್ತು ದಿನ ಹೀಗೇ ಇದ್ರೇನ್ರೀ? ನನಗೆ ಒಂದು ಮಧ್ಯಾಹ್ನಕ್ಕೇ ಸ್ವರ್ಗದ ಬಾಗಿಲು ಕಾಣ್ತಾ ಇದೆ. ನಾಳೆ ರಜೆ ತಗೊಳ್ಳಿ. ಹಬ್ಬದ ರಜೆ, ಸಂಬಳ ಸಹಿತ" ಎಂದರು. ಭಾಯಿ ಮನಸ್ಸಿನಲ್ಲೇ ದೇವರಿಗೆ ವಂದಿಸಿದರು. ಮನೆ ಬರಿದಾಯಿತೆಂದು ಅಳುತ್ತಿದ್ದವನಿಗೆ ಅವನು ಎಂಥ ಮನೆಮಂದಿಯನ್ನು ಕೊಟ್ಟಿದ್ದಾನೆ!

ಕಚೇರಿ ಮುಚ್ಚಿದರೂ ಯಾರೂ ಏಳಲಿಲ್ಲ. ಕಪಾಟಿನಲ್ಲಿದ್ದ ಮೂವತ್ತೆರಡು ಕಳೆದ ಗಡಿಯಾರಗಳು ಮೂವತ್ತೆರಡು ಸಮಯ ತೋರಿಸುತ್ತಿದ್ದುದರಿಂದ ಎಲ್ಲರೂ ಗೋಡೆಯ ಗಡಿಯಾರವನ್ನೇ ನುಂಗುವಂತೆ ನೋಡುತ್ತಿದ್ದರು. ಸೂರ್ಯಾಸ್ತಕ್ಕೆ ಒಂದೇ ನಿಮಿಷ. ಭಾಯಿ ಪ್ರಾರ್ಥನೆಗೆ ಕೈಯೆತ್ತಿದರು. ಮೂವತ್ತೂ ಆಯಿತು ಕಣೇ, ಎಂದುಕೊಂಡರು.

ಬಾಗಿಲು ದಡಾರನೆ ತೆರೆಯಿತು. ರೊಟ್ಟಿ ಅಂಗಡಿಯ ಯಜಮಾನರು. ಮೈಮೇಲೆ ಹೊಸ ಬಟ್ಟೆ, ಬಾಯಲ್ಲಿ ಏನೋ ಜಗಿತ.

"ಅಯ್ಯೋ, ಇನ್ನೂ ಒಂದು ನಿಮಿಷ ಇದೆ!" ಎಂದು ಭಾಯಿ ಎದ್ದುನಿಂತರು.

"ಎಂಥ ನಿಮಿಷ ಮಾರಾಯ? ಫೋನ್ ಎಲ್ಲಿಟ್ಟಿದ್ದೀಯ? ಮಧ್ಯಾಹ್ನದಿಂದ ಮಾಡ್ತಾ ಇದ್ದೀನಿ. ಪಕ್ಕದ ಊರಲ್ಲಿ ನಿನ್ನೆಯೇ ಚಂದ್ರ ಕಂಡಿದೆ. ಕಂಡವರು ಇಬ್ಬರೂ ಬಂದು ಸಾಕ್ಷಿ ಹೇಳಿದ್ರು. ಇವತ್ತೇ ಈದ್! ಹಬ್ಬದ ದಿನ ಉಪವಾಸ ಇರಬಾರದು ಅಂತ ಎಲ್ಲರೂ ಆಗಲೇ ಬಿಟ್ಟಾಯ್ತು. ಹೊತ್ತು ಮೀರಿದ್ದರಿಂದ ನಮಾಜು ಮಾತ್ರ ನಾಳೆ ಬೆಳಗ್ಗೆ. ಮನೆಮನೆಗೂ ಹೇಳ್ಕೊಂಡು ಬಂದೆ, ನಿನ್ನದೇ ಹದಿನಾಲ್ಕನೆಯದು."

ಭಾಯಿ ಧೊಪ್ಪೆಂದು ಕುಳಿತರು. ಅಂದರೆ ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿದಿತ್ತು. ಕೊಟ್ಟ ಮಾತು ನಿನ್ನೆ ಸಂಜೆಯೇ ಅವರಿಗೆ ತಿಳಿಯದಂತೆ ನೆರವೇರಿತ್ತು. ಇವತ್ತು ಕೂಡದ ಉಪವಾಸವನ್ನು ತಾವೂ ಮಾಡಿ, ಮೂವರು ಬಡಪಾಯಿಗಳಿಂದಲೂ ಮಾಡಿಸಿದ್ದರು. ಊರಿನಲ್ಲಿ ಮಧ್ಯಾಹ್ನಕ್ಕೆ ಮುಂಚೆ ಸರಿಯಾಗಿ ಹಬ್ಬ ಮಾಡಿದವನು ಆ ಪ್ಲಂಬರ್ ಒಬ್ಬನೇ.

"ಹಾಗಾದ್ರೆ ಕ್ಯಾಲೆಂಡರೇ ಸರಿ!" ಎಂದ ಕಾವಲುಗಾರ ಮಾವ.

ಮ್ಯಾನೇಜರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದರು: "ಹಬ್ಬ ಇವತ್ತೇ ಆಯ್ತು ಅಂದ್ರೆ, ನಾಳೆ ರಜೆ ಯಾವುದಕ್ಕೆ ಭಾಯಿ? ನಮಾಜು ಮುಗಿಸ್ಕೊಂಡು ಹತ್ತಕ್ಕೆ ಬಂದ್ಬಿಡಿ."

"ಆಗಲಿ ಸಾರ್" ಎಂದರು ಭಾಯಿ. ಎಲ್ಲೋ ಒಬ್ಬಳು ಬಾಯಿಗೆ ಸೆರಗು ಅಡ್ಡವಿಟ್ಟು ನಗುತ್ತಿರುವಂತೆ ಅವರಿಗನ್ನಿಸಿತು.

ಅಕ್ಕ ಪಾತ್ರೆಯ ಮುಚ್ಚಳ ತೆಗೆದು ಬಟ್ಟಲು ತುಂಬಿಕೊಟ್ಟಳು. ಭಾಯಿ ದೇವರ ಹೆಸರು ಹೇಳಿ ಒಂದು ಚಮಚ ಬಾಯಿಗಿಟ್ಟರು. ಹಗಲಿಡೀ ಸೆಕೆಯಲ್ಲಿ ಕಾದ ಹಾಲು ಒಡೆದು ಹುಳಿಯಾಗಿತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಈಗ ಹೇಳಿ, ಹೇಗಿದೆ?"

ಭಾಯಿ ನುಂಗಿದರು. ಕಣ್ಣು ತುಂಬಿ ಬಂದಿತ್ತು.

"ಅಕ್ಕಾ, ಇಂಥ ಪಾಯಸ ನನ್ನ ಬಾಯಿಗೆ ಇದುವರೆಗೆ ಬಂದಿಲ್ಲ" ಎಂದು, ಇನ್ನಷ್ಟು ಹಾಕೆಂದು ಬಟ್ಟಲು ಮುಂದೆ ಚಾಚಿದರು.