ನೇರಳೆ ಸಾಕ್ಷಿ

ಟೀಚರ್ ಮನೆಯ ಅಡುಗೆಕೋಣೆಯ ಚಾವಣಿಯಲ್ಲಿ ಅಂಗೈ ಅಗಲದ ಒಂದು ಒದ್ದೆ ಕಲೆ ಮೂಡಿತ್ತು. ಅದಕ್ಕಿಂತ ದೊಡ್ಡ ಕಲೆಗಳನ್ನು ಕಂಡೂ ಕಾಣದಂತೆ ಬದುಕುವವರು ಆ ಕಟ್ಟಡದಲ್ಲಿ ಎಷ್ಟೋ ಮಂದಿ ಇದ್ದರು. ಆದರೆ ಟೀಚರ್ ಮೂವತ್ತೆಂಟು ವರ್ಷ ಮಕ್ಕಳ ಪುಸ್ತಕದಲ್ಲಿ ಒಂದು ಚುಕ್ಕೆಯನ್ನೂ ಸಹಿಸದೆ ನಿವೃತ್ತರಾದವರು. ಅವರ ತಂಗಿಯ ಮಗ ಹೊಸದಾಗಿ ವಕೀಲನಾಗಿದ್ದ. ಹೊಸ ಕತ್ತರಿ ಸಿಕ್ಕವರು ಮನೆಯಲ್ಲಿ ಕತ್ತರಿಸಲು ಏನಿದೆ ಎಂದು ಹುಡುಕುವಂತೆ ಅವನೂ ಒಂದು ಕೇಸು ಹುಡುಕುತ್ತಿದ್ದ. ಹೀಗಾಗಿ ಮೇಲಿನ ಮನೆಯ ಶಾಯಿರಾಯರಿಗೆ ಒಂದು ನೋಟೀಸು ಬಂತು.

ಶಾಯಿರಾಯರು ಎಂಬುದು ಅವರ ನಿಜವಾದ ಹೆಸರಲ್ಲ. ರಬ್ಬರ್ ಸ್ಟಾಂಪಿನ ಪ್ಯಾಡುಗಳಿಗೆ ಶಾಯಿ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ಬಣ್ಣ ಕಲಸುವ ಕೆಲಸ ಮಾಡುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಅವರ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ನೋಟೀಸಿನ ಲಕೋಟೆಯನ್ನು ಅವರು ಸಹಿ ಮಾಡಿ ಪಡೆದುಕೊಂಡರು, ತೆರೆಯಲಿಲ್ಲ. ತೆರೆಯದ ಲಕೋಟೆಯೊಳಗಿನ ಕೆಟ್ಟ ಸುದ್ದಿ ಇನ್ನೂ ನಡೆದಿಲ್ಲ ಎಂಬುದು ಅವರ ನಂಬಿಕೆ. ಅದನ್ನು ಕ್ಷೌರದ ಡಬ್ಬಿಯ ಅಡಿಯಲ್ಲಿಟ್ಟು ಆರು ದಿನ ಗಡ್ಡವನ್ನೇ ಹೆರೆದುಕೊಳ್ಳಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಅವರ ಹೆಂಡತಿ ಆ ಡಬ್ಬಿಯನ್ನು ಎತ್ತಿದರು.

"ರೀ, ಇದೇನಿದು?"

"ಏನಿಲ್ಲ. ಯಾವುದೋ ಕಾಗದ."

"ಯಾವುದೋ ಕಾಗದಾನ? ಏಳು ದಿನದೊಳಗೆ ಬಚ್ಚಲುಮನೆ ನೆಲ ಪೂರ್ತಿ ಕಿತ್ತು ಹೊಸದಾಗಿ ಹಾಕಿಸಬೇಕಂತೆ. ಟೀಚರ್ ಮನೆ ಚಾವಣಿ, ಕಪಾಟು ಎಲ್ಲಾ ನಮ್ಮ ನೀರಿಂದ ಹಾಳಾಯ್ತಂತೆ. ಇಲ್ಲದಿದ್ರೆ ಕೋರ್ಟಂತೆ! ಇದು ಬಂದು ಎಷ್ಟು ದಿನ ಆಯ್ತು?"

ರಾಯರು ಬೆರಳು ಮಡಚಿ ಎಣಿಸುವವರಂತೆ ನಟಿಸಿದರು. "ಇವತ್ತಿಗೆ... ಏಳು."

ಹೆಂಡತಿ ಕುರ್ಚಿಯಲ್ಲಿ ಕುಸಿದರು. ಕೋರ್ಟಿನ ಮಾತು ಹಾಗಿರಲಿ, ಇಬ್ಬರ ಕಣ್ಣೂ ಹೋದದ್ದು ಬಚ್ಚಲುಮನೆಯ ಬಾಗಿಲ ಕಡೆಗೆ. ಒಳಗೆ ರಾಯರ ಅಮ್ಮ ಸ್ನಾನ ಮಾಡುತ್ತ ಏನೋ ಗುನುಗುತ್ತಿದ್ದರು. ಮಂಡಿ ಹೋದ ಮೇಲೆ ಎರಡು ವರ್ಷ ಅಮ್ಮನನ್ನು ಹಿಡಿದು ಕೂರಿಸಿ ಸೊಸೆಯೇ ನೀರು ಹಾಕಬೇಕಾಗಿತ್ತು. ಆ ಎರಡು ವರ್ಷವೂ ಅಮ್ಮ ಸ್ನಾನದ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಆರು ತಿಂಗಳ ಹಿಂದೆ ರಾಯರು ಹೊಸ್ತಿಲು ತೆಗೆಸಿ, ಜಾರದ ಕಲ್ಲು ಹಾಸಿಸಿ, ಗೋಡೆಗೆ ಹಿಡಿಕೆ ಹಾಕಿಸಿ ಬಚ್ಚಲುಮನೆಯನ್ನು ಹೊಸದು ಮಾಡಿಸಿದ್ದರು. ಅಂದಿನಿಂದ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬರೇ ಸ್ನಾನ ಮಾಡುತ್ತಿದ್ದರು. ಆ ಚಿಲಕದ ಸದ್ದು ಕೇಳಿದಾಗಲೆಲ್ಲ ರಾಯರಿಗೆ ತಾವು ಜೀವನದಲ್ಲಿ ಒಂದಾದರೂ ಸರಿಯಾದ ಕೆಲಸ ಮಾಡಿದೆವು ಅನ್ನಿಸುತ್ತಿತ್ತು. ಈಗ ಅದನ್ನೇ ಒಡೆಯಬೇಕಂತೆ.

"ನಮ್ಮ ನೆಲ ಸೋರಲ್ಲ," ಎಂದರು ರಾಯರು. ಹೇಳುವಾಗಲೇ ಧ್ವನಿ ಸೋರಿಹೋಯಿತು.

ಬಚ್ಚಲುಮನೆ ಕಟ್ಟಿದ ಪ್ಲಂಬರನ್ನು ಕರೆಸಿದರು. ಅಮ್ಮ ಸ್ನಾನ ಮುಗಿಸಿ ಮಲಗಿದ್ದರೆಂದು ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಬಂದು, ಪಿಸುಮಾತಿನಲ್ಲೇ ಸಿಟ್ಟಾದ.

"ನನ್ನ ಕೆಲಸ ಸೋರುತ್ತಾ? ಪರೀಕ್ಷೆ ಮಾಡೋಣ ಬನ್ನಿ ಸ್ವಾಮಿ. ನೀರು ಹೋಗೋ ತೂತಿಗೆ ಬಟ್ಟೆ ತುರುಕಿ, ನೆಲದ ಮೇಲೆ ಬಣ್ಣದ ನೀರು ನಿಲ್ಲಿಸೋದು. ಮೂರು ಗಂಟೆ ಬಿಟ್ಟು ಕೆಳಗೆ ನೋಡೋದು. ಬಣ್ಣ ಇಳಿದ್ರೆ ನಮ್ಮದು, ಇಳಿಯದಿದ್ರೆ ಅವರದು. ಬಟ್ಟೆಗೆ ಹಾಕೋ ನೀಲಿ ಒಂದು ಚಮಚ ಸಾಕು."

ಈ ಮಾತು ಪಕ್ಕದ ಮನೆಯ ವಕೀಲರ ಕಿವಿಗೂ ಬಿತ್ತು. ಅವರ ಓದುವ ಕೋಣೆಗೂ ರಾಯರ ಬಚ್ಚಲುಮನೆಗೂ ನಡುವೆ ಒಂದೇ ಗೋಡೆ. ಅವರು ಕೊರಳಿಗೆ ಬಿಳಿಪಟ್ಟಿ ಕಟ್ಟಿಕೊಳ್ಳುತ್ತಲೇ ಬಂದರು.

"ರಾಯರೇ, ಭಯ ಬೇಡ. ನಿಮ್ಮ ಪರವಾಗಿ ನಾನಿದ್ದೀನಿ. ಫೀಸು ಗೀಸು ಮಾತೇ ಎತ್ತಬೇಡಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ನಿಮ್ಮ ಮನೆಯಿಂದ ಊಟ ಬಂತು, ಮರೆತಿಲ್ಲ. ಒಂದು ಕಾಗದ ತನ್ನಿ."

ನಿಂತ ಹಾಗೆಯೇ ಬರೆದರು. "ನನ್ನ ಬಚ್ಚಲುಮನೆಯ ನೀರು ಈ ಕಟ್ಟಡದ ಯಾವುದೇ ಮನೆಯ ಯಾವುದೇ ಗೋಡೆ ಅಥವಾ ಚಾವಣಿಯಲ್ಲಿ ಕಾಣಿಸಿಕೊಂಡದ್ದೇ ಆದರೆ, ಮರುದಿನವೇ ನೆಲವನ್ನು ಕೀಳಿಸಿ, ಆದ ಹಾನಿಯನ್ನೆಲ್ಲ ನಾನೇ ಭರಿಸತಕ್ಕದ್ದು."

"ಯಾವುದೇ ಮನೆ ಯಾಕೆ ಸಾರ್? ಟೀಚರ್ ಮನೆ ಅಂದ್ರೆ ಸಾಲದಾ?"

"ಕಾಗದದಲ್ಲಿ ಎದೆ ಉಬ್ಬಿಸಿ ನಿಲ್ಲಬೇಕು ರಾಯರೇ! ಇಷ್ಟು ಧೈರ್ಯವಾಗಿ ಬರೆದವನು ತಪ್ಪು ಮಾಡಿರೋದು ಸಾಧ್ಯವೇ ಇಲ್ಲ ಅಂತ ಓದಿದವರಿಗೆ ಅನ್ನಿಸಬೇಕು. ಸಹಿ ಹಾಕಿ."

ರಾಯರು ಸಹಿ ಹಾಕಿದರು. ಟೀಚರ್ ಕೆಳಗಿನಿಂದ ಬಂದು, ಎರಡು ಸಲ ಓದಿ, ಒಪ್ಪಿ, ತಾವೂ ಸಹಿ ಹಾಕಿದರು. ಇಳಿಯುವಾಗ ತಿರುಗಿ, "ಮೂರನೇ ಮೆಟ್ಟಿಲು ಒದ್ದೆ ಇದೆ, ಜೋಪಾನವಾಗಿ ಇಳಿಯಿರಿ. ಕೋರ್ಟಿಗೆ ಬರೋವಾಗ ಕಾಲು ಸರಿ ಇರಬೇಕಲ್ಲ," ಎಂದರು. ಅವರು ತಮಾಷೆ ಮಾಡಿದರೋ ನಿಜ ಹೇಳಿದರೋ ರಾಯರಿಗೆ ತಿಳಿಯಲಿಲ್ಲ. ಮೆಟ್ಟಿಲು ಮಾತ್ರ ನಿಜವಾಗಿಯೂ ಒದ್ದೆಯಿತ್ತು.

ನೀಲಿ ಕೊಳ್ಳಲು ಹೊರಟ ರಾಯರನ್ನು ಕಟ್ಟಡದ ಸೆಕ್ರೆಟರಿ ಬಾಗಿಲಲ್ಲೇ ತಡೆದರು. ಯಾರ ಮನೆಯಲ್ಲಿ ಏನಾದರೂ ಮೊದಲು ತಮಗೆ ತಿಳಿಯಬೇಕೆಂಬುದು ಅವರ ನಿಯಮ.

"ನೀಲಿ ಹಾಕ್ತೀರಂತೆ? ಏನ್ರೀ ನೀವು! ನೀಲಿ ನೀರು ಗಾರೆಯೊಳಗೆ ಇಳಿಯೋಷ್ಟರಲ್ಲಿ ಬಣ್ಣ ಎಲ್ಲಿರುತ್ತೆ? ನಾಳೆ ಟೀಚರ್, 'ಬಂದಿದೆ, ಆದ್ರೆ ಕಾಣ್ತಿಲ್ಲ' ಅಂದ್ರೆ ಏನು ಮಾಡ್ತೀರಿ?"

ನಿಜವಲ್ಲವೇ! ಇಪ್ಪತ್ತು ವರ್ಷ ಬಣ್ಣ ಕಲಸಿದವನು ಹೋಗಿ ಹೋಗಿ ನೀಲಿಯನ್ನು ನಂಬುವುದೇ? ರಾಯರು ನೇರವಾಗಿ ಕಾರ್ಖಾನೆಗೆ ಓಡಿದರು.

ಮಾಲೀಕರು ಕತೆಯನ್ನೆಲ್ಲ ಕೇಳಿ, ರಜೆಯನ್ನೂ ಕೊಟ್ಟು, ತಾವೇ ಕಪಾಟು ತೆರೆದರು. "ಸಾಧಾರಣ ಶಾಯಿ ಬೇಡ. ಇದನ್ನು ತಗೊಳ್ಳಿ. ಕಚೇರಿಗಳ ಹಳೇ ದಾಖಲೆಗೆ ಅಂತಲೇ ಮಾಡೋದು. ಸೋಪು, ಸುಣ್ಣ, ಬಿಸಿಲು ಯಾವುದಕ್ಕೂ ಬಗ್ಗಲ್ಲ. ಒಂದು ಹನಿ ಇಳಿದ್ರೂ ಮೊಮ್ಮಕ್ಕಳ ಕಾಲಕ್ಕೂ ಕಾಣುತ್ತೆ." ದಾರಿಯಲ್ಲಿ ಚೆಲ್ಲಬಾರದೆಂದು ಡಬ್ಬಕ್ಕೆ ನಾಲ್ಕು ಸುತ್ತು ಪೇಪರು ಸುತ್ತಿ, ದಾರ ಕಟ್ಟಿ, ಕೈಯಲ್ಲಿಟ್ಟರು.

ಮಧ್ಯಾಹ್ನ ಒಂದು ಗಂಟೆಗೆ ಬಚ್ಚಲುಮನೆಯ ನೆಲ ನೇರಳೆ ಕೆರೆಯಾಯಿತು. ಕೋರ್ಟಿಗೆ ಹೋಗಿದ್ದ ವಕೀಲರೊಬ್ಬರನ್ನು ಬಿಟ್ಟು ಎಲ್ಲರೂ ಟೀಚರ್ ಅಡುಗೆಕೋಣೆಯಲ್ಲಿ ಸೇರಿದರು. ಕುರ್ಚಿಗಳನ್ನು ಸಾಲಾಗಿ ಹಾಕಿಕೊಂಡು, ಗ್ರಹಣ ನೋಡುವವರಂತೆ ಕತ್ತೆತ್ತಿ ಕೂತರು. ಸೆಕ್ರೆಟರಿ ಮುನ್ನೆಚ್ಚರಿಕೆಗೆಂದು ಮನೆಯೊಳಗೇ ಕೊಡೆ ಬಿಚ್ಚಿದರು.

"ಕೊಡೆ ಮಡಚಿ, ನನಗೆ ಕಾಣಿಸ್ತಿಲ್ಲ," ಎಂದರು ಟೀಚರ್.

"ಬಿಳಿ ಅಂಗಿ ಹಾಕಿದ್ದೀನಿ ಟೀಚರ್."

"ಹಾಗಾದ್ರೆ ನಿಮ್ಮ ಅಂಗೀನೇ ಸಾಕ್ಷಿ ಆಗುತ್ತೆ. ಮಡಚಿ."

ಒಂದು ಗಂಟೆ ಕಳೆಯಿತು. ಕತ್ತು ನೋಯತೊಡಗಿತು. ಟೀಚರ್ ಎಲ್ಲರಿಗೂ ಟೀ ಮಾಡಿದರು, ರಾಯರ ಲೋಟಕ್ಕೆ ಅವರು ಕೇಳದೆಯೇ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದರು. ಗಾಬರಿಯಾದವರಿಗೆ ಸಿಹಿ ಬೇಕೆಂಬುದು ಪರೀಕ್ಷೆಯ ದಿನಗಳಿಂದ ಅವರಿಗೆ ಗೊತ್ತಿತ್ತು. ಲೋಟ ಕೊಡುವಾಗ ಅವರ ಕನ್ನಡಕ ಜಾರಿ ಕೆಳಗೆ ಬಿತ್ತು. ರಾಯರು ಥಟ್ಟನೆ ಬಗ್ಗಿ ಎತ್ತಿ, ಒರೆಸಿ, ಭಕ್ತಿಯಿಂದ ಕೊಟ್ಟರು. ಟೀಚರ್ ಅದನ್ನು ಹಾಕಿಕೊಂಡು ಮೇಲೆ ನೋಡಿದರು.

"ಬಂತು!" ಎಂದು ಕೂಗಿದರು. "ನೇರಳೆ ಬಂತು! ಎಲ್ಲಾ ಕಡೆ ಬಂತು!"

ಲೋಟ ರಾಯರ ಕೈಯಿಂದ ಜಾರಿತು. ಪ್ಲಂಬರ್ ಸ್ಟೂಲಿನ ಮೇಲೆ ಹಾರಿ ನಿಂತ. ಹಳೆಯ ಒದ್ದೆ ಕಲೆಯೊಂದನ್ನು ಬಿಟ್ಟರೆ ಚಾವಣಿ ಎಂದಿನಂತೆ ಬೆಳ್ಳಗಿತ್ತು.

"ಎಲ್ಲಿ ಟೀಚರ್?" ಎಂದ.

"ಅಲ್ಲಿ, ಇಲ್ಲಿ, ನಿನ್ನ ಮುಖದ ಮೇಲೂ ಇದೆಯಲ್ಲಪ್ಪ!"

ಸೆಕ್ರೆಟರಿ ಮೆಲ್ಲನೆ ಟೀಚರ್ ಕನ್ನಡಕ ತೆಗೆದು ಬೆಳಕಿಗೆ ಹಿಡಿದರು. ಎರಡು ಗಾಜಿನ ಮೇಲೂ ರಾಯರ ಹೆಬ್ಬೆರಳುಗಳು ಅಚ್ಚುಕಟ್ಟಾಗಿ ಒತ್ತಿದ್ದವು. ಅದನ್ನು ಉಜ್ಜಿದಷ್ಟೂ ಹರಡಿತೇ ಹೊರತು ಹೋಗಲಿಲ್ಲ. ಟೀಚರ್ ಮಿಕ್ಕ ಹೊತ್ತನ್ನು ಹಳೆಯ ಕನ್ನಡಕದಲ್ಲಿ ಕಳೆದರು.

ನಾಲ್ಕು ಗಂಟೆಯಾಯಿತು. ಪ್ಲಂಬರ್ ಕಲೆಯ ಮೇಲೆ ಬೆರಳಾಡಿಸಿದ, ಹತ್ತಿ ಒತ್ತಿ ನೋಡಿದ. ಹತ್ತಿ ಒದ್ದೆಯಾಯಿತು, ಬಣ್ಣವಾಗಲಿಲ್ಲ. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಗೋಡೆಯನ್ನು ನೋಡಿ, ನಕ್ಕ.

"ಇಲ್ಲಿ ಬನ್ನಿ ಸೆಕ್ರೆಟರಿ ಸಾಹೇಬ್ರೇ. ಮೇಲಿನ ಟ್ಯಾಂಕು ತುಂಬಿ ಹರಿಯೋ ಪೈಪು ಇಲ್ಲೇ ಬಿರುಕು ಬಿಟ್ಟಿದೆ. ಕಟ್ಟಡದ ಪೈಪು. ಹೋದ ವರ್ಷವೇ ಹೇಳಿದ್ದೆ."

ಸೆಕ್ರೆಟರಿ ಇದ್ದಕ್ಕಿದ್ದಂತೆ ಕೊಡೆಯನ್ನು ಮಡಚುವುದರಲ್ಲಿ ಮಗ್ನರಾದರು.

ರಾಯರ ಕಣ್ಣಲ್ಲಿ ನೀರು ಬಂತು. "ಸದ್ಯ ಟೀಚರ್. ನಮ್ಮಮ್ಮನಿಗೆ ಮಂಡಿ ಹೋಗಿದೆ. ಆ ನೆಲ ಒಡೆದ್ರೆ ಪಾಪ, ಮತ್ತೆ ಇನ್ನೊಬ್ಬರ ಕೈಯಲ್ಲಿ ನೀರು ಹಾಕಿಸ್ಕೋಬೇಕು. ಅದೊಂದೇ ನನ್ನ ಚಿಂತೆ ಆಗಿತ್ತು."

ಟೀಚರ್ ಹಳೆಯ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರನ್ನೇ ನೋಡಿದರು. "ಇದನ್ನ ಮೊದಲೇ ಬಂದು ಹೇಳಬಾರದಿತ್ತಾ? ಒಂದು ಮಾತು ಹೇಳಿದ್ರೆ ಆ ನೋಟೀಸನ್ನ ಅವತ್ತೇ ಹರಿದು ಹಾಕ್ತಿದ್ದೆ. ಈ ಪರೀಕ್ಷೆ ಗಿರೀಕ್ಷೆ ಯಾವುದೂ ಬೇಕಿರಲಿಲ್ಲ." ಅಲ್ಲೇ, ಎಲ್ಲರ ಎದುರಿಗೆ, ನೋಟೀಸಿನ ತಮ್ಮ ಪ್ರತಿಯನ್ನು ನಾಲ್ಕು ತುಂಡು ಮಾಡಿದರು.

ರಾಯರು ಮೆಟ್ಟಿಲುಗಳನ್ನು ಹಾರುತ್ತ ಹತ್ತಿದರು. ನೇರಳೆ ನೀರನ್ನು ಹೊರಬಿಟ್ಟು, ನೆಲ ತಿಕ್ಕಿದರು. ಕಲ್ಲೇನೋ ಬೆಳಗಿತು, ಸಂದುಗಳಲ್ಲಿ ನೇರಳೆ ಗೆರೆ ಉಳಿಯಿತು. "ಚೆನ್ನಾಗಿದೆ ಬಿಡೋ ಮಗೂ," ಎಂದರು ಅಮ್ಮ. "ಗೆರೆ ನೋಡ್ಕೊಂಡು ಕಾಲಿಡ್ತೀನಿ."

ಸಂಜೆ ಆರಕ್ಕೆ ವಕೀಲರು ಕೋರ್ಟಿನಿಂದ ಬಂದರು. ಸುದ್ದಿ ಕೇಳಿ ಮೆಟ್ಟಿಲ ಮೇಲೆಯೇ ರಾಯರನ್ನು ಅಪ್ಪಿಕೊಂಡರು. "ನಾನು ಹೇಳಿರಲಿಲ್ವಾ! ಕಾಗದ ಅಂದ್ರೆ ಹಾಗಿರಬೇಕು! ಅದನ್ನ ಜೋಪಾನವಾಗಿ ಇಟ್ಟಿರಿ, ಅದಕ್ಕೆ ಬೆಲೆ ಇದೆ." ಬಾಗಿಲು ತೆರೆದು ಒಳಗೆ ಹೋದರು. ಅವರ ಓದುವ ಕೋಣೆಯ ದೀಪ ಹೊತ್ತಿತು.

ರಾಯರು ತಮ್ಮ ಮನೆಯ ಬಾಗಿಲಿಗೆ ಕೈ ಹಾಕಿದ್ದರಷ್ಟೇ.

"ರಾಯರೇ," ಎಂಬ ಕ್ಷೀಣ ಧ್ವನಿ ಬಂತು. "ಸ್ವಲ್ಪ ಬರ್ತೀರಾ?"

ಹೋದ ತಿಂಗಳಷ್ಟೇ ಬಿಳಿ ಬಣ್ಣ ಬಳಿಸಿದ್ದ ಗೋಡೆಯ ಬುಡದಿಂದ ಮೊಣಕಾಲೆತ್ತರದವರೆಗೆ ಸೊಗಸಾದ ನೇರಳೆ ಅಲೆಯೊಂದು ಎದ್ದಿತ್ತು. ಗೋಡೆಗೆ ಒರಗಿಸಿಟ್ಟ ಕಾನೂನು ಪುಸ್ತಕಗಳು ಕೆಳಗಿನ ಸಾಲಿನಲ್ಲಿ ಒಂದೊಂದಾಗಿ ಅದನ್ನು ಹೀರಿಕೊಳ್ಳುತ್ತಿದ್ದವು. ನೀರು ಕೆಳಕ್ಕೆ ಇಳಿದಿರಲಿಲ್ಲ, ಪಕ್ಕಕ್ಕೆ ಹೋಗಿತ್ತು. ಎಷ್ಟು ತಿಂಗಳಿಂದ ಹೀಗೆ ಬಣ್ಣವಿಲ್ಲದೆ ಸದ್ದಿಲ್ಲದೆ ಹೋಗುತ್ತಿತ್ತೋ!

ವಕೀಲರು ರಾಯರ ಭುಜ ಹಿಡಿದು ತಮ್ಮ ಕುರ್ಚಿಯಲ್ಲೇ ಕೂರಿಸಿದರು, ತಾವೇ ನೀರು ತಂದು ಕುಡಿಸಿದರು.

"ಗಾಬರಿಯಾಗಬೇಡಿ. ನಾಳೆ ನಾನು ನಿಮಗೆ ನೋಟೀಸು ಕೊಡಲೇಬೇಕಾಗುತ್ತೆ, ಆ ಪುಸ್ತಕಗಳು ನನ್ನ ಗುರುಗಳು ಕೊಟ್ಟದ್ದು. ಹಾಗಂತ ನಿಮ್ಮ ಕೈ ಬಿಡ್ತೀನಾ? ಮಾತು ಕೊಟ್ಟಿದ್ದೀನಿ. ನಿಮ್ಮ ಪರವಾಗಿ ಉತ್ತರಾನೂ ನಾನೇ ಬರೆದುಕೊಡ್ತೀನಿ, ಫೀಸಿಲ್ಲದೆ." ಅವರು ಗೋಡೆಯನ್ನೊಮ್ಮೆ ನೋಡಿ, ಬೆಳಿಗ್ಗೆ ತಾವೇ ಬರೆದದ್ದನ್ನು ನೆನಪಿಸಿಕೊಂಡು, ನಿಟ್ಟುಸಿರು ಬಿಟ್ಟರು. "ಆದ್ರೆ ನಿಮ್ಮ ಹತ್ತಿರ ಮುಚ್ಚಿಡೋದು ಸರಿಯಲ್ಲ, ಈಗಲೇ ಹೇಳಿಬಿಡ್ತೀನಿ. ನಿಮ್ಮ ಕೇಸು ಬಹಳ ವೀಕು, ರಾಯರೇ."